ತೀರ್ಪುಗಾರನ ಬೆನ್ನು

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಸುಷ್ಮಿತಾ ಕುವೆಂಪುನಗರದಿಂದ ಸ್ಕೂಟರಿನಲ್ಲಿ ಬಂದಿಳಿದಳೆಂದರೆ ನಜರ್‌ಬಾದಿನ ತಾತನ ಮನೆಯಲ್ಲಿ ಅಮೆರಿಕದ ಕುಸ್ತಿ ಶುರುವಾಯಿತೆಂದೇ ತಿಳಿಯಬೇಕು. ಅವಳು ಒಂದು ವೆಬ್ ಪತ್ರಿಕೆಗೆ ಟೀವಿ ಕಾರ್ಯಕ್ರಮಗಳ ವಿಮರ್ಶೆ ಬರೆಯುವವಳು. ಎರಡು ತಿಂಗಳ ಹಿಂದೆ ತಾತ ಗುರುಸಿದ್ದಯ್ಯನವರು ಟೀವಿಯ ಪೈಲ್ವಾನರನ್ನು ಬೈಯುತ್ತ ಕೂತಿದ್ದನ್ನು ಸುಮ್ಮನೆ ಫೋನಿನಲ್ಲಿ ಹಿಡಿದು ಪತ್ರಿಕೆಯಲ್ಲಿ ಹಾಕಿದ್ದಳು. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಅದು ವಾರದ ಪದ್ಧತಿಯೇ ಆಯಿತು. ಇಬ್ಬರೂ ಕೂತು ಒಂದು ಕಂತು ನೋಡುವುದು, ತಾತ ಅದರ ಮೇಲೆ ಐದು ನಿಮಿಷ ಮಾತಾಡುವುದು. ಅದಕ್ಕೆ ‘ತಾತನ ತೀರ್ಪು’ ಅಂತ ಹೆಸರಿಟ್ಟಳು.

ಆ ಹೆಸರು ಬೇಡ ಅಂದಿದ್ದರು ಗುರುಸಿದ್ದಯ್ಯನವರು. ಯಾಕೆ ಅಂತ ಹೇಳಿರಲಿಲ್ಲ. ಮಂಡಿ ಮುರಿದು ಕುಸ್ತಿಯ ಕಣವಾದ ಮಟ್ಟಿಯಿಂದ ಎದ್ದ ಮೇಲೆ ಹದಿನೆಂಟು ವರ್ಷ ಗರಡಿ ಕುಸ್ತಿಗಳಲ್ಲಿ ತೀರ್ಪು ಹೇಳಿದವರು ಅವರು. ಎರಡು ಭುಜವೂ ಮಣ್ಣಿಗೆ ತಾಗಿತೆಂದು ಅವರು ಕೈಯೆತ್ತಿ ‘ಚಿತ್’ ಅಂದರೆ ಮುಗಿಯಿತು, ಬಿದ್ದವನ ಅಪ್ಪನೂ ಎದುರು ಮಾತಾಡುತ್ತಿರಲಿಲ್ಲ. ಅಂಥವರ ಕಾರ್ಯಕ್ರಮಕ್ಕೆ ಇನ್ನೇನು ಹೆಸರಿಡಬೇಕು ಅಂತ ಸುಷ್ಮಿತಾ ಕೇಳಿ ಆ ಹೆಸರನ್ನೇ ಉಳಿಸಿಕೊಂಡಿದ್ದಳು.

ಆವತ್ತಿನ ಕಂತಿನಲ್ಲಿ ಗಡ್ಡದ ಹಿರಿಯ ಪೈಲ್ವಾನನಿಗೂ ಹಸಿರು ಚಡ್ಡಿಯ ಹುಡುಗನಿಗೂ ಜೋಡಿ. ಗಡ್ಡದವನು ಕುಸ್ತಿಗೆ ಮುಂಚೆ ಮೈಕು ಹಿಡಿದು ಕಾಲು ಗಂಟೆ ಕಿರುಚಿದ.

“ಇವನೇನು ಕಾರ್ಪೊರೇಷನ್ ಎಲೆಕ್ಷನ್ನಿಗೆ ನಿಂತಿದ್ದಾನಾ?” ಅಂದರು ತಾತ.

“ಇದನ್ನ ಆಮೇಲೆ ಕ್ಯಾಮೆರಾ ಮುಂದೆ ಹೇಳಿ ತಾತ, ಮರೀಬೇಡಿ.”

ಇಂದ್ರಮ್ಮನವರು ಗಂಡನ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣೆಲ್ಲ ಟೀವಿಯ ಮೇಲೆ. “ಆ ಹುಡುಗನ ಮೈ ನೋಡಿ, ಬಾಳೆದಿಂಡಿಗೆ ಎಣ್ಣೆ ಹಚ್ಚಿದಂಗಿದೆ. ನಿಮ್ದೂ ಹಿಂಗೇ ಇತ್ತು.”

“ನಾನು ಹಸಿರು ಚಡ್ಡಿ ಹಾಕ್ತಿರಲಿಲ್ಲ ಕಣೇ.”

“ಏನು ಹಾಕ್ತಿದ್ರಿ ಅನ್ನೋದು ಒಗೆದೋಳಿಗೆ ಗೊತ್ತಿಲ್ವಾ. ಆ ಕೆಮ್ಮಣ್ಣಿನ ಕಲೆ ಏನು ಮಾಡಿದ್ರೂ ಹೋಗ್ತಿರಲಿಲ್ಲ.”

ಕೆಮ್ಮಣ್ಣು ಅಂದದ್ದೇ ಗುರುಸಿದ್ದಯ್ಯನವರ ಮೂಗಿಗೆ ಗರಡಿಯ ವಾಸನೆ ಬಡಿದಂತಾಯಿತು. ಅರಿಶಿನ, ಎಣ್ಣೆ, ಕರ್ಪೂರ ಹಾಕಿ ಹದ ಮಾಡಿದ ಮಣ್ಣು. ಬೆಳಗಿನ ಜಾವ ಆ ತಣ್ಣನೆಯ ಮಣ್ಣಿಗೆ ಅಂಗಾಲಿಟ್ಟರೆ ನಿದ್ದೆ ಹಾರಿಹೋಗುತ್ತಿತ್ತು. ಮೂಲೆಯ ಕಲ್ಲಿನ ಮೇಲೆ ಗರಡಿಯ ಗುರು ಉಸ್ತಾದರು ಕೂತಿರುತ್ತಿದ್ದರು, ಬಾಯಲ್ಲಿ ಎಣಿಕೆಯಿಲ್ಲ, ಬೆರಳಲ್ಲೇ ಎಣಿಕೆ. ಯಾವನು ಬಸ್ಕಿ ಹೊಡೆಯುವಾಗ ಎರಡು ನುಂಗಿದ ಅನ್ನುವುದು ಅವರಿಗೆ ಗೊತ್ತಾಗಿಬಿಡುತ್ತಿತ್ತು. ಆಮೇಲೆ ತೊಂಬತ್ತರ ಸುಮಾರಿಗೆ ಕೇಬಲ್ಲು ಬಂತು. ಸಾಮು ಮಾಡಬೇಕಾದ ಹುಡುಗರೆಲ್ಲ ಇದೇ ಹಜಾರದಲ್ಲಿ ಸಾಲಾಗಿ ಕೂತು ಇದೇ ಅಮೆರಿಕದ ಕುಸ್ತಿ ನೋಡುತ್ತಿದ್ದರು. ಸುಷ್ಮಿತಾಳ ಅಪ್ಪನಂತೂ ಪೈಲ್ವಾನರ ಚಿತ್ರದ ಕಾರ್ಡು ಗೆಲ್ಲಲು ಬೀದಿಬೀದಿ ಅಲೆದವನು. ಇದು ಕುಸ್ತಿಯಲ್ಲ ಕುಣಿತ ಅಂತ ಇವರು ಗದರುತ್ತಿದ್ದರು, ಗದರಿ ತಾವೂ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಅಷ್ಟು ಎತ್ತರದಿಂದ ಬಿದ್ದವನು ಕತ್ತು ಮುರಿಯದೆ ಏಳುತ್ತಾನಲ್ಲ, ಆ ಬೀಳುವ ವಿದ್ಯೆಗೆ ಅವರು ಒಳಗೊಳಗೇ ಮನಸೋತಿದ್ದರು.

ಟೀವಿಯಲ್ಲಿ ಹಸಿರು ಚಡ್ಡಿಯವನು ಗೆಲ್ಲುವ ಹೊತ್ತಾಗಿತ್ತು. ಅಷ್ಟರಲ್ಲಿ ಗಡ್ಡದವನ ಕಡೆಯ ಕೋಟುಧಾರಿಯೊಬ್ಬ ಕಣದ ಸುತ್ತಲಿನ ಹಗ್ಗ ಹತ್ತಿ ನಿಂತು ಕೂಗಾಡಿದ. ರೆಫ್ರಿ ಅವನ ಕಡೆ ತಿರುಗಿ ಕೈ ಬೀಸಿ ಗದರತೊಡಗಿದ. ಅವನ ಬೆನ್ನ ಹಿಂದೆ ಗಡ್ಡದವನು ಮದುವೆ ಮನೆಯ ಮಡಚು ಕುರ್ಚಿಯಂಥದ್ದನ್ನು ಎತ್ತಿ ಹುಡುಗನ ಬೆನ್ನಿಗೆ ಬಾರಿಸಿ, ಕುರ್ಚಿಯನ್ನು ಆಚೆ ಎಸೆದು, ಹುಡುಗನ ಮೇಲೆ ಬಿದ್ದುಕೊಂಡ. ರೆಫ್ರಿ ಈ ಕಡೆ ತಿರುಗಿದ, ನೆಲಕ್ಕೆ ಬಡಿದು ಮೂರು ಎಣಿಸಿದ, ಗಡ್ಡದವನ ಕೈ ಎತ್ತಿದ.

“ಹಿಂದಕ್ಕೆ ತಿರುಗಿಸು,” ಅಂದರು ಗುರುಸಿದ್ದಯ್ಯನವರು.

ಸುಷ್ಮಿತಾ ತಿರುಗಿಸಿದಳು.

“ಇನ್ನೊಂದು ಸಲ.”

ನಾಲ್ಕು ಸಲ ಆಯಿತು. ಅವರು ಕುರ್ಚಿಯನ್ನೂ ನೋಡುತ್ತಿಲ್ಲ, ಗಡ್ಡದವನನ್ನೂ ನೋಡುತ್ತಿಲ್ಲ, ರೆಫ್ರಿಯ ಬೆನ್ನನ್ನೇ ನೋಡುತ್ತಿದ್ದಾರೆ ಅಂತ ಅವಳಿಗೆ ಆಗ ತಿಳಿಯಿತು.

“ತಾತ, ಅವರೆಲ್ಲ ಮೊದಲೇ ಮಾತಾಡ್ಕೊಂಡಿರ್ತಾರೆ. ತಿರುಗಬೇಕು ಅಂತ ರೆಫ್ರಿಗೂ ಗೊತ್ತಿರುತ್ತೆ.”

“ಅವನಿಗೆ ಗೊತ್ತಿರುತ್ತೆ, ಸರಿ. ಗೊತ್ತಿಲ್ಲದೆ ತಿರುಗಿದೋನು ಏನು ಮಾಡಬೇಕಮ್ಮ?”

ಇಂದ್ರಮ್ಮನವರ ಕೈ ಅವರೆಕಾಯಿಯ ಮೇಲೆ ನಿಂತಿತು. “ಶಿವರುದ್ರಪ್ಪನ ಕುಸ್ತಿ ವಿಷಯನಾ?” ಅಂದರು. “ಆವತ್ತು ನೀವು ಮನೆಗೆ ಬಂದು ಊಟ ಮಾಡಲಿಲ್ಲ. ಏನೋ ಇದೆ ಅಂತ ಅಂದ್ಕೊಂಡೆ. ನೀವಾಗಿ ಹೇಳಲಿ ಅಂತ ಸುಮ್ಮನಿದ್ದೆ.”

“ನಲವತ್ತು ವರ್ಷ ಸುಮ್ಮನಿದ್ಯಾ?”

“ಇನ್ನೇನು ಮಾಡಲಿ, ನೀವೂ ಸುಮ್ಮನಿದ್ರಲ್ಲ.”

ಆಗ ಗುರುಸಿದ್ದಯ್ಯನವರು ಹೇಳಿದರು. ಯುಗಾದಿ ಆದ ಎರಡನೇ ಭಾನುವಾರ, ಗರಡಿಗಳವರೆಲ್ಲ ಸೇರಿ ಮೈದಾನದಲ್ಲಿ ಇಟ್ಟ ಕುಸ್ತಿ. ಬೆಳ್ಳಿ ಗದೆಯ ಬಹುಮಾನಕ್ಕೆ ಕೊನೆಯ ಜೋಡಿ ಶಿವರುದ್ರಪ್ಪ ಮತ್ತು ಮಂಡ್ಯ ಕಡೆಯ ಸಿದ್ದಲಿಂಗಸ್ವಾಮಿ. ಶಿವರುದ್ರ ಇವರದೇ ಗರಡಿಯವನು, ಇಪ್ಪತ್ತೆಂಟು ವರ್ಷ, ಆ ವರ್ಷ ಅವನನ್ನು ಹಿಡಿಯುವವರಿಲ್ಲ ಅನ್ನುವ ಮಾತಿತ್ತು. ಮಟ್ಟಿಯೊಳಗೆ ತೀರ್ಪಿಗೆ ನಿಂತವರು ಇವರೊಬ್ಬರೇ. ಇಬ್ಬರೂ ತೋಳಿಗೆ ತೋಳು ಕೊಟ್ಟು ಇಪ್ಪತ್ತು ನಿಮಿಷ ಆಗಿದೆ, ಆ ಹೊತ್ತಿಗೆ ಕಾಯಿಲೆ ಬಿದ್ದಿದ್ದ ಉಸ್ತಾದರು ಜಟಕಾದಲ್ಲಿ ಬಂದಿಳಿದರು. ಇಬ್ಬರು ಹೆಗಲು ಕೊಟ್ಟು ಮಟ್ಟಿಯ ಅಂಚಿಗೆ ನಡೆಸಿಕೊಂಡು ಬಂದರು. ಉಸ್ತಾದರು ಮಟ್ಟಿಯ ಹತ್ತಿರ ಬಂದರೆ ಸೆಣಸುತ್ತಿರುವ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಅವರ ಕಡೆ ತಿರುಗಬೇಕು, ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಚಿಕ್ಕಂದಿನಿಂದ ಮೈಗೆ ಹತ್ತಿದ ಅಭ್ಯಾಸ. ಗುರುಸಿದ್ದಯ್ಯನವರು ತಿರುಗಿದರು, ಬಗ್ಗಿದರು, ಮಣ್ಣು ಮುಟ್ಟಿದರು. ಜನರೂ ಆ ಕಡೆಯೇ ನೋಡುತ್ತಿದ್ದರು. ಹಿಂದಿನಿಂದ ದಬ್ ಅಂತ ಸದ್ದಾಯಿತು, ಮಂಡ್ಯದವರು ಹೋ ಅಂದರು. ತಿರುಗಿದರೆ ಶಿವರುದ್ರ ಕೆಳಗೆ ಇದ್ದ, ಆಗಲೇ ಮಗ್ಗುಲಿಗೆ ಹೊರಳುತ್ತಿದ್ದ. ಎರಡು ಭುಜವೂ ನೆಲಕ್ಕೆ ತಾಗಿತ್ತೋ, ಒಂದೇ ತಾಗಿತ್ತೋ ಇವರು ನೋಡಲಿಲ್ಲ. ಕೈ ಮಾತ್ರ ಮೇಲಕ್ಕೆ ಹೋಯಿತು. ಬಾಯಿ ‘ಚಿತ್’ ಅಂದುಬಿಟ್ಟಿತು.

“ಶಿವರುದ್ರ ಒಂದು ಮಾತೂ ಆಡಲಿಲ್ಲ. ಎದ್ದು ನನ್ನ ಕಾಲು ಮುಟ್ಟಿ ಹೋದ. ಮತ್ತೆ ಮಟ್ಟಿಗೆ ಇಳೀಲಿಲ್ಲ. ಊರಾಚೆ ಬೋಗಾದಿಗೆ ಹೋಗಿ ಹಿಟ್ಟಿನ ಗಿರಣಿ ಇಟ್ಕೊಂಡ. ಮದುವೆ ಮನೆಗಳಲ್ಲಿ ಸಿಕ್ಕರೆ ಈಗಲೂ ‘ಅಣ್ಣಾ’ ಅಂತ ಕೈ ಮುಗೀತಾನೆ. ಬೈದಿದ್ರೆ ಎಷ್ಟೋ ವಾಸಿಯಿತ್ತು.”

ಸುಷ್ಮಿತಾ ಮೆಲ್ಲಗೆ ಕೇಳಿದಳು. “ಇದನ್ನೇ ವಿಮರ್ಶೆಯಲ್ಲಿ ಹೇಳ್ತೀರಾ ತಾತ?”

“ಹೇಳದೆ ಆ ರೆಫ್ರೀನ ಬೈಯೋಕೆ ನನಗೆ ಬಾಯಿಲ್ಲ. ಆದರೆ ಊರಿಗೆ ಹೇಳೋಕೆ ಮುಂಚೆ ಅವನಿಗೆ ಹೇಳಬೇಕು. ಗಾಡಿ ತೆಗಿ.”

ಬೋಗಾದಿ ಅಂದರೆ ಗುರುಸಿದ್ದಯ್ಯನವರ ನೆನಪಿನಲ್ಲಿ ರಾಗಿ ಹೊಲ, ಎರಡು ಬೀದಿ, ಗಿರಣಿಯ ಟಕಟಕ ಸದ್ದು. ಈಗ ಗಿರಣಿ ಇದ್ದ ಜಾಗದಲ್ಲಿ ನಾಲ್ಕು ಮಹಡಿ ಎದ್ದು, ಮೇಲೆಲ್ಲ ಕಾಲೇಜು ಹುಡುಗರು ಬಾಡಿಗೆಗಿದ್ದರು. ಕೆಳಗಿನ ಮನೆಯಲ್ಲಿ ಶಿವರುದ್ರಪ್ಪನವರು ಮಗಳು ಅಳಿಯನ ಜೊತೆ ಇದ್ದರು. ಬೈಕುಗಳ ಸಾಲಿನ ನಡುವೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದವರು ಇವರನ್ನು ಕಂಡು ಗಡಬಡಿಸಿ ಎದ್ದರು. ಅರವತ್ತೆಂಟಾದರೂ ಹೆಗಲು ಇನ್ನೂ ಬಾಗಿಲಷ್ಟು ಅಗಲ.

“ಬನ್ನಿ ಅಣ್ಣ. ಫೋನ್ ಮಾಡಿದ್ರೆ ನಾನೇ ಬರ್ತಿರಲಿಲ್ವಾ. ಈ ಮಂಡಿ ಇಟ್ಕೊಂಡು ಸ್ಕೂಟರ್ ಹತ್ತಿದ್ರಾ? ಏನಮ್ಮ ಸುಷ್ಮಿತಾ, ನಿಮ್ಮ ತಾತನ ತೀರ್ಪು ವಾರವಾರ ನೋಡ್ತೀನಿ ಕಣಮ್ಮ.”

ಗುರುಸಿದ್ದಯ್ಯನವರು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ಬೇರೆ ಕಡೆ ಹೋಗುತ್ತದೆ ಅಂತ ಅವರಿಗೆ ಹೆದರಿಕೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಬೆಳಗ್ಗೆ ಕಂತು ನೋಡಿ ನೆನಪಾದದ್ದು, ಉಸ್ತಾದರು ಬಂದದ್ದು, ತಾವು ಬಗ್ಗಿದ್ದು, ಸದ್ದು ಕೇಳಿ ತಿರುಗಿದ್ದು. “ನಾನು ನೋಡಲಿಲ್ಲ ಶಿವರುದ್ರ. ನೋಡದೆ ಹೇಳಿಬುಟ್ಟೆ.”

ಶಿವರುದ್ರಪ್ಪನವರು ಪೇಪರನ್ನು ಮಡಚಿದರು. ಮತ್ತೆ ಬಿಡಿಸಿದರು, ಇನ್ನೊಂದು ಥರ ಮಡಚಿದರು.

“ನೀವು ನೋಡಲಿಲ್ವಾ?” ಅಂದರು.

“ಇಲ್ಲ. ನಿನಗೆ ಗೊತ್ತಿರುತ್ತೆ, ಮನಸ್ಸಲ್ಲೇ ಇಟ್ಕೊಂಡಿದ್ದೀಯ ಅಂತ ನಾನು…”

“ನನಗೆ ಹೆಂಗೆ ಗೊತ್ತಾಗುತ್ತೆ ಅಣ್ಣ? ಬೆನ್ನಿಗೆ ಕಣ್ಣಿದೆಯಾ? ಅವನು ಸೊಂಟದ ಮೇಲೆ ಎತ್ತಿ ಎಸೆದ. ಕಣ್ಣಲ್ಲೆಲ್ಲ ಮಣ್ಣು. ಭುಜ ಒಂದು ತಾಗ್ತೋ ಎರಡು ತಾಗ್ತೋ ನನಗೇ ತಿಳೀಲಿಲ್ಲ. ತಲೆ ಎತ್ತಿ ನೋಡಿದರೆ ನಿಮ್ಮ ಕೈ ಮೇಲಿತ್ತು. ಅಣ್ಣ ನೋಡಿದ್ದಾರೆ, ಅಂದ್ಮೇಲೆ ನಾನು ಸೋತೆ ಅಂದ್ಕೊಂಡೆ. ನನಗಿಂತ ಅರ್ಧ ಕೈ ಗಿಡ್ಡ ಅವನು. ಅಂಥೋನ ಕೈಲಿ ಬೆನ್ನು ಮಣ್ಣಾದ ಮೇಲೆ ಇನ್ನೇನು ಮಟ್ಟಿ ಅಂತ ಬಿಟ್ಟೆ.” ಅವರ ದನಿ ಏರಲಿಲ್ಲ, ಆದರೆ ಕೈಲಿದ್ದ ಪೇಪರು ಮುದ್ದೆಯಾಗಿತ್ತು. “ಮಗಳಿಗೆ ಹೇಳಿದ್ದೀನಿ, ಅಳಿಯನಿಗೆ ಹೇಳಿದ್ದೀನಿ. ನ್ಯಾಯವಾಗಿ ಸೋತೋನು ನಾನು ಅಂತ. ಆ ಸೋಲು ನನಗೆ ಒಗ್ಗಿಹೋಗಿತ್ತು ಅಣ್ಣ. ಈಗ ಬಂದು ಅದನ್ನೂ ಕಿತ್ಕೊಂಡ್ರಲ್ಲ.”

ಗುರುಸಿದ್ದಯ್ಯನವರು ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದರು, ಇದಕ್ಕಲ್ಲ. ಸುಷ್ಮಿತಾ ಅವರ ತೋಳು ಹಿಡಿದು ಆ ಕುರ್ಚಿಯಲ್ಲಿ ಕೂರಿಸಿದಳು.

“ಹಂಗಾದ್ರೆ ಈಗೇನಂತೀರಿ? ನಾನು ಗೆದ್ದೆ ಅಂತೀರಾ?”

“ಹೇಳೋಕಾಗಲ್ಲ.”

“ಹೋಗಲಿ, ಸಮ ಅನ್ನಿ.”

“ಅದೂ ಹೇಳೋಕಾಗಲ್ಲ ಶಿವರುದ್ರ. ಸಮ ಅನ್ನೋದೂ ನೋಡಿದೋನು ಹೇಳೋ ಮಾತು.”

ಶಿವರುದ್ರಪ್ಪನವರು ಒಳಗೆ ಹೋದರು. ಬಾಗಿಲ ಪರದೆ ಆಡಿತು. ಮೇಲಿನ ಮಹಡಿಯಲ್ಲಿ ಯಾರೋ ಬಕೆಟ್ಟಿಗೆ ನೀರು ಬಿಟ್ಟ ಸದ್ದು. ಹೊರಡೋಣವಾ ಅನ್ನುವಂತೆ ಸುಷ್ಮಿತಾ ತಾತನ ಮುಖ ನೋಡಿದಳು. ಅವರು ತಲೆ ಅಲ್ಲಾಡಿಸಿದರು. ಹೊಡೆತ ಕೊಟ್ಟು ಓಡಿಹೋಗುವುದು ಗರಡಿಯವರಿಗೆ ತರವಲ್ಲ.

ಐದು ನಿಮಿಷ ಆಗಿರಬೇಕು. ಶಿವರುದ್ರಪ್ಪನವರು ಕನ್ನಡಕ ಹಾಕಿಕೊಂಡು ಹೊರಗೆ ಬಂದರು. ಮುಖ ತೊಳೆದಿದ್ದರು, ಕಿವಿಯ ಹತ್ತಿರ ಇನ್ನೂ ನೀರಿತ್ತು.

“ಅದೇನೋ ಕಂತು ನೋಡಿ ನೆನಪಾಯ್ತು ಅಂದ್ರಲ್ಲ, ತೋರಿಸಮ್ಮ.”

ಸುಷ್ಮಿತಾ ಫೋನು ಕೊಟ್ಟಳು. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ಪೂರಾ ನೋಡಿದರು. ಗಡ್ಡದವನ ಭಾಷಣವನ್ನೂ ಬಿಡಲಿಲ್ಲ. ಕುರ್ಚಿಯ ಏಟಿಗೆ ಹಲ್ಲು ಕಚ್ಚಿದರು. ರೆಫ್ರಿ ಮೂರು ಎಣಿಸಿದಾಗ ಅವರ ಮೂಗಿನಿಂದ ಸಣ್ಣ ನಗು ಹೊರಟಿತು.

“ಪುಣ್ಯವಂತರು. ಮೂರು ಎಣಿಸೋ ತನಕ ಕಾಯ್ತಾರೆ. ನನಗೆ ಒಂದು ಎಣಿಸಿದ್ರೂ ಸಾಕಾಗಿತ್ತು, ಎದ್ದುಬುಡ್ತಿದ್ದೆ.”

“ಎದ್ದು ನೀನು ಅವನನ್ನ ಕೆಡವ್ತಿದ್ದೆ,” ಅಂದರು ಗುರುಸಿದ್ದಯ್ಯನವರು.

“ಅದನ್ನೂ ನೀವು ನೋಡಿಲ್ಲ. ಹೇಳಬೇಡಿ.”

ಸುಷ್ಮಿತಾ ತಡೆಯಲಾರದೆ ನಕ್ಕಳು. ಇಬ್ಬರು ಮುದುಕರೂ ಅವಳನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಒಳಗಿನಿಂದ ಮಗಳು ಕಾಫಿ ತಂದಿಟ್ಟು ಹೋದಳು. ಕಾಫಿ ಕುಡಿಯುತ್ತ ಶಿವರುದ್ರಪ್ಪನವರು ಉಸ್ತಾದರ ಸುದ್ದಿ ತೆಗೆದರು. ಬಸ್ಕಿ ಕದ್ದವನಿಗೆ ಬಾದಾಮಿ ಹಾಲಿನಲ್ಲಿ ಬಾದಾಮಿಯಿಲ್ಲದಂತೆ ಬಡಿಸುತ್ತಿದ್ದುದು, ಒಮ್ಮೆ ತಾವೂ ಸಿಕ್ಕಿಬಿದ್ದು ಬರೀ ಹಾಲು ಕುಡಿದು ಮನೆಗೆ ಹೋದದ್ದು. “ಅವರು ಬಂದಾಗ ನೀವು ಬಗ್ಗದೆ ನಿಂತಿದ್ರೆ ನಾನೇ ಕುಸ್ತಿ ಬಿಟ್ಟು ನಿಮ್ಮನ್ನ ಬೈತಿದ್ದೆನೇನೋ,” ಅಂದರು. “ಅದು ತಪ್ಪು ಅನ್ನಲ್ಲ. ಆಮೇಲೆ ಕೈ ಎತ್ತಿದ್ರಲ್ಲ, ಅದು ತಪ್ಪು.”

“ಹೌದು,” ಅಂದರು ಗುರುಸಿದ್ದಯ್ಯನವರು. ಅದನ್ನು ಬೇರೆಯವರ ಬಾಯಲ್ಲಿ ಕೇಳಿದ್ದಕ್ಕೆ ಎದೆ ಸ್ವಲ್ಪ ಸಡಿಲಾಯಿತು.

“ಸರಿ, ಇಲ್ಲೇ ಮಾಡಿ ನಿಮ್ಮ ವಿಮರ್ಶೆ. ನಾನೂ ಪಕ್ಕದಲ್ಲಿ ಕೂತಿರ್ತೀನಿ. ಏನು ಹೇಳ್ತೀರೋ ನೋಡೋಣ.”

ಸುಷ್ಮಿತಾ ಒಂದು ಬೈಕಿನ ಸೀಟಿನ ಮೇಲೆ ಫೋನು ಒರಗಿಸಿ ಇಟ್ಟಳು. ಗುರುಸಿದ್ದಯ್ಯನವರು ಶರ್ಟಿನ ಗುಂಡಿ ಹಾಕಿಕೊಂಡರು. ಗಡ್ಡದವನ ಎಲೆಕ್ಷನ್ ಭಾಷಣ, ಹುಡುಗ ಬಿದ್ದ ಚಂದ ಎಲ್ಲ ಹೇಳಿ ರೆಫ್ರಿಯ ಹತ್ತಿರ ಬಂದರು. “ಈ ರೆಫ್ರಿ ತಿರುಗಿದ್ದು ಆಟಕ್ಕೆ. ನಾನೂ ಒಂದು ಸಲ ತಿರುಗಿದ್ದೆ, ಆಟಕ್ಕಲ್ಲ,” ಅಂತ ಶುರುಮಾಡಿ ಆ ಭಾನುವಾರದ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. “ಆ ತೀರ್ಪನ್ನ ನಾನು ಇವತ್ತು ವಾಪಸ್ ತಗೊಂಡಿದ್ದೀನಿ. ಇವರು ಸೋತರು ಅಂತ ಹೇಳೋ ಹಕ್ಕು ನನಗಿರಲಿಲ್ಲ.”

ಶಿವರುದ್ರಪ್ಪನವರು ಮುಂದಕ್ಕೆ ಬಾಗಿ ಅವರ ಮಂಡಿಯ ಮೇಲೆ ಕೈಯಿಟ್ಟರು. “ತಾಳಿ ಅಣ್ಣ. ಸಿದ್ದಲಿಂಗಸ್ವಾಮಿ ಹೆಸರನ್ನೂ ಹೇಳಿ. ತೀರಿಕೊಂಡು ಹತ್ತು ವರ್ಷ ಆಯ್ತು, ಆದ್ರೆ ಮಕ್ಕಳಿದ್ದಾರೆ. ಆ ಗದೆ ಇನ್ನೂ ಅವರ ಮನೆ ಗೋಡೆ ಮೇಲಿದೆಯಂತೆ. ಇದನ್ನ ನೋಡಿ ಪಾಪ ಇಳಿಸಿಗಿಳಿಸಿಯಾರು. ಅವನು ಗೆದ್ದಿರಲೂಬಹುದಲ್ವಾ.”

ಗುರುಸಿದ್ದಯ್ಯನವರು ಮತ್ತೆ ಕ್ಯಾಮೆರಾದ ಕಡೆ ತಿರುಗಿ, ಸತ್ತವನ ಹೆಸರನ್ನು ಅವನ ತಂದೆಯ ಹೆಸರು, ಊರಿನ ಹೆಸರು ಸಮೇತ, ಗರಡಿಯಲ್ಲಿ ಜೋಡಿ ಕೂಗುವ ಹಾಗೆ ಗಟ್ಟಿಯಾಗಿ ಹೇಳಿ, ಆ ಗದೆಯನ್ನು ಯಾರೂ ಗೋಡೆಯಿಂದ ಇಳಿಸಬಾರದು ಅಂದರು.