ಶುಂಠಿ ತೂಗುವ ಮಿಷನ್ನು

ನಮ್ಮ ಯಜಮಾನರು ಕಾಂತರಾಜು ಅವರ ಬಾಯಿಗೆ ಬೀಗವಿಲ್ಲ. ಅರಕಲಗೂಡಿನಲ್ಲಿ ಶುಂಠಿ ವ್ಯಾಪಾರ. ಮೂಟೆ ಮಿಷನ್ ಮೇಲೆ ಕೂತರೆ ಸಾಕು, ಬೀದಿಗೆಲ್ಲ ಕೇಳುವಂತೆ ತೂಕ ಕೂಗುತ್ತಾರೆ. ಕೂಗದಿದ್ದರೆ ರೈತರು ಮೋಸ ಅಂತಾರೆ. ಅದು ಸರಿಯೇ. ಆದರೆ ಮಕ್ಕಳೇನು ಮೂಟೆಗಳೇ?

ಮಗಳು ರಂಜಿನಿಯ ಶಾಲೆಯಲ್ಲಿ ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುವುದೆಂದು ಹೊಸದಾಗಿ ಶುರುವಾಯಿತು. ಶಾಲೆಯ ಮಿಷನ್ ಕೆಟ್ಟಿತ್ತು. ಸ್ನೇಹಲತಾ ಮಿಸ್ ಕೇಳಿದ್ದೇ ತಡ, ಈ ಮಹಾನುಭಾವರು ನಮ್ಮ ಅಂಗಡಿಯದನ್ನೇ ಆಟೋದಲ್ಲಿ ಹೇರಿಕೊಂಡು ಹೋದರು. ಆರನೇ ಕ್ಲಾಸಿನವರು ಸಾಲಾಗಿ ಹತ್ತಿದರು, ಇವರು ಅಭ್ಯಾಸಬಲದಿಂದ ಒಬ್ಬೊಬ್ಬರದೂ ಕೂಗಿದರು. ಸ್ವಂತ ಮಗಳು ಹತ್ತಿದಾಗಲೂ ಬಿಡಲಿಲ್ಲ. "ಐವತ್ತೆಂಟು!"

ಹಿಂದಿನಿಂದ ಯಾವನೋ ಹುಡುಗ, "ಚೀಲದ್ ತೂಕ ಕಳೀರಿ ಸಾ!" ಅಂದ. ಶಾಲೆಗೆ ಶಾಲೆಯೇ ನಕ್ಕಿತು. ಇವರೂ ನಕ್ಕರಂತೆ!

ಅಂದಿನಿಂದ ಹುಡುಗಿ ಊಟ ಬಿಟ್ಟಳು. ಬೆಳಿಗ್ಗೆ "ಒಟ್ಟೆ ನೋವು ಕಣಮ್ಮ," ರಾತ್ರಿ "ಆಗ್ಲೇ ತಿಂದೆ." ಸುಳ್ಳು. ಡಬ್ಬಿಯ ಚಿತ್ರಾನ್ನ ಪಕ್ಕದ ಮನೆಯ ಕೋಳಿಗಳ ಪಾಲಾಗುತ್ತಿತ್ತು. ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದಳು. ಒಂದು ಬೆಳಿಗ್ಗೆ ಕಣ್ಣು ಕತ್ತಲೆ ಬಂದು ಬಚ್ಚಲಲ್ಲಿ ಬಿದ್ದುಬಿಟ್ಟಳು. ಓಡಿಹೋಗಿ ಎತ್ತಿ ಕೂರಿಸಿದೆ.

"ನೋಡ್ರೀ, ಮಗು ಬಿದ್ದೋಗವ್ಳೆ. ನಿಮ್ ಬಾಯ್ಗಿಷ್ಟು ಮಣ್ಣಾಕ!" ಎಂದೆ.

"ನಾನೇನ್ ಬೇಕೂಂತ ಕೂಗುದ್ನಾ? ಬಾಯ್ಗೆ ಬಂದ್ಬುಡ್ತು ಕಣೇ," ಎಂದು ತಲೆ ತಗ್ಗಿಸಿದರು. ಮುದ್ದೆ ಮುರಿದು, ಸಾರಿಗೆ ಅದ್ದಿ, ಮಗಳ ಬಾಯಿಗೆ ಹಿಡಿದರು. ಅವಳು ತುಟಿ ಬಿಗಿದಳು.

ನಾನೇ ಶಾಲೆಗೆ ಹೋದೆ. "ಈ ತೂಕ ನೋಡೋದ್ ಬಿಟ್ಬುಡಿ ಮಿಸ್. ಮಕ್ಳು ಮನ್ಸಿಗೆ ಅಚ್ಕೋತವೆ."

"ಹಾಗನ್ನಬೇಡಿ. ಊಟ ಸಾಲದೆ ಸೊರಗಿದ್ದ ಇಬ್ಬರು ಮಕ್ಕಳು ಗೊತ್ತಾಗಿದ್ದೇ ಇದರಿಂದ. ಈ ಸಲ ರೂಮಿನೊಳಗೆ ಒಬ್ಬೊಬ್ಬರನ್ನೇ ಕರೀತೀವಿ. ನೀವೂ ಬನ್ನಿ," ಎಂದರು ಮಿಸ್.

ಬಚ್ಚಲಲ್ಲಿ ಬಿದ್ದ ವಿಷಯ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಹೆಣ್ಣುಮಗು, ಏನೋ ಕಾಯಿಲೆಯಂತೆ ಎಂದು ಊರೆಲ್ಲ ಪುಕಾರಾದರೆ?

ಮುಂದಿನ ತಿಂಗಳು ಬಾಗಿಲು ಹಾಕಿದ ಕೋಣೆಯಲ್ಲಿ ನಾನು, ಇವರು, ಮಿಸ್. ರಂಜಿನಿ ಹತ್ತಿದಳು. ಐವತ್ತೆರಡು. ಇವರ ಬಾಯಿಂದ ಸೊಲ್ಲೇ ಹೊರಡಲಿಲ್ಲ.

ಮಿಸ್ ಚಪ್ಪಾಳೆ ತಟ್ಟಿದರು. "ವೆರಿ ಗುಡ್ ರಂಜಿನಿ! ಪ್ರೇಯರ್‌ನಲ್ಲಿ ಎಲ್ಲರಿಗೂ ಹೇಳ್ತೀನಿ, ನಿನ್ನ ನೋಡಿ ಕಲೀಲಿ."

ತಿಂಗಳಿಂದ ನಗದಿದ್ದ ಹುಡುಗಿ ಮುಖವರಳಿಸಿ ನಕ್ಕಳು. "ಮುಂದಿನ್ ಸಲಕ್ಕೆ ಇನ್ನೂ ಇಳಿಸ್ತೀನಿ ಮಿಸ್."

ಅವಳು ಬಚ್ಚಲಲ್ಲಿ ಬಿದ್ದ ದಿನವೂ ನನಗೆ ಇಷ್ಟು ಭಯವಾಗಿರಲಿಲ್ಲ.