ಚೌಡೇಶನ ಗಾಯ

ಚಳ್ಳಕೆರೆಯಲ್ಲಿ ಬಸ್ ಹತ್ತಿದ ಗಂಡ ಹೆಂಡತಿಯನ್ನು ಕಂಡಕ್ಟರ್ ಐದೇ ನಿಮಿಷದಲ್ಲಿ ಕೆಳಗಿಳಿಸಿದ. ಗಂಡನ ಅರ್ಧ ಮುಖಕ್ಕೆ ಟವೆಲ್ ಸುತ್ತಿತ್ತು. ಅದರ ಅಡಿಯಿಂದ ಬರುತ್ತಿದ್ದ ವಾಸನೆಗೆ ಮುಂದಿನ ಸೀಟಿನ ಹೆಂಗಸು ವಾಂತಿ ಮಾಡಿಕೊಂಡಿದ್ದಳು. "ಬೇಜಾರಾಗಬೇಡ್ರಮ್ಮ, ಜನ ಕೇಳಲ್ಲ" ಎಂದು ಕಂಡಕ್ಟರ್ ಅವರ ಚೀಲವನ್ನೂ ಇಳಿಸಿಕೊಟ್ಟ.

ಅದೇ ಬಸ್ಸಿನಲ್ಲಿದ್ದ ಪಾಸ್ಟರ್ ಅಜ್ಜಪ್ಪನೂ ಇಳಿದ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಓಣಿಯಲ್ಲಿ ತಗಡು ಹೊದಿಸಿದ ಪ್ರಾರ್ಥನಾ ಮಂದಿರ ಅವನದು. ಭಾನುವಾರ ನಲವತ್ತು ಜನ ಸೇರಿದರೆ ಹೆಚ್ಚು. ಮೈಕಿಲ್ಲದೆ ಎರಡು ಗಂಟೆ ಪ್ರಸಂಗ ಮಾಡಬಲ್ಲ ಗಂಟಲು. ದೇವರು ತನಗೆ ಕೊಟ್ಟದ್ದು ಅದೊಂದೇ ಎಂದು ಅವನು ನಂಬಿದ್ದ. ಯಾಕೆ ಇಳಿದಿರಿ ಎಂದು ತನ್ನ ಹೆಂಡತಿ ನಾಗರತ್ನ ಆಮೇಲೆ ಕೇಳಿದಾಗ, "ಆ ಹೆಣ್ಮಗಳು ಚೀಲದ ಮೇಲೆ ಕುಂತ್ಬಿಟ್ಲು" ಎಂದಷ್ಟೇ ಹೇಳಿದ.

ಹಿಂಡಿ ಮೂಟೆ ಸಾಗಿಸುತ್ತಿದ್ದ ಲಗೇಜ್ ಆಟೊದವನನ್ನು ಒಪ್ಪಿಸಿ ಮೂವರೂ ಆ ಗಂಡ ಹೆಂಡತಿಯ ಊರು ಮೊಳಕಾಲ್ಮೂರಿಗೆ ಹೋದರು. ಗಂಡ ಚೌಡೇಶ್ ರೇಷ್ಮೆ ಸೀರೆ ನೇಯುವವನು, ನಲವತ್ತೆರಡು ವರ್ಷ. ಗುಟ್ಕಾದಿಂದ ದವಡೆಗೆ ಕ್ಯಾನ್ಸರ್ ಹತ್ತಿ ಕೆನ್ನೆ ತೂತಾಗಿತ್ತು. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಡಾಕ್ಟರು ಕಳಿಸಿದ್ದರು. ಅವನ ಹೆಂಡತಿ ವೀಣಾ ದಾರಿಯಲ್ಲಿ ಆಡಿದ್ದು ಒಂದೇ ಮಾತು: "ಗಾಯ ಮುಟ್ಟಿದ ಕೈಯಾಗೆ ಮಗ್ಗಕ್ಕೆ ಕೂರಂಗಿಲ್ಲ ರೀ. ಸೀರೆ ವಾಸ್ನೆ ಬರ್ತೈತೆ ಅಂತ ಸಾವ್ಕಾರ್ರು ವಾಪಸ್ ಕಳಿಸಿದ್ರು."

ಪರಿಚಯದ ನರ್ಸ್ ಒಬ್ಬಳ ಹತ್ತಿರ ಅಜ್ಜಪ್ಪ ಗಾಯ ತೊಳೆಯುವುದನ್ನು ಕಲಿತ. ದಿನ ಬಿಟ್ಟು ದಿನ ಬಸ್ಸಿನಲ್ಲಿ ಹೋಗಿ ಕೀವು ತೊಳೆದು, ಬಟ್ಟೆ ಬದಲಿಸಿ, ಮೂಗಿನ ನಳಿಕೆಯಲ್ಲಿ ಗಂಜಿ ಬಿಟ್ಟು ಬರುತ್ತಿದ್ದ. ಮೊದಲ ದಿನ ಕಣ್ಣು ಮುಚ್ಚಿ ಕೈ ಜೋಡಿಸಿದಾಗ ವೀಣಾ ತಡೆದಳು.

"ಪ್ರಾರ್ಥನೆ ಬ್ಯಾಡ ರೀ. ಓಣಿಯೋರು ಕೇಳಿಸ್ಕೊಂತಾರೆ. ಬಟ್ಟೆ ಬದಲಿಸಿದ್ರೆ ಸಾಕು."

ಅವನಿಗೆ ನೋವಾಯಿತು. ಪ್ರಾರ್ಥನೆ ಇಲ್ಲದೆ ತಾನು ಇಲ್ಲಿಗೆ ಬರುವುದಾದರೂ ಯಾಕೆ ಎನಿಸಿತು. ಆದರೂ ಮೂರನೇ ದಿನ ಮತ್ತೆ ಹೋದ.

ಒಂದು ತಿಂಗಳಾದ ಮೇಲೆ ಚೌಡೇಶನ ತಮ್ಮ ನಾಗಾರ್ಜುನ ಇಬ್ಬರು ಗೆಳೆಯರೊಂದಿಗೆ ಬಾಗಿಲಲ್ಲಿ ಅಡ್ಡ ನಿಂತ. ಅಜ್ಜಪ್ಪನ ಚೀಲ ಕಿತ್ತುಕೊಂಡು ಸುರಿದ. ಹತ್ತಿ, ಗಾಜ್ ಬಟ್ಟೆ, ಔಷಧಿ ಬಾಟಲಿ ಬಿದ್ದವು.

"ಸಾಯೋರ ಮನೆ ಹುಡುಕ್ಕೊಂಡು ಬರ್ತೀರಿ. ಆಮೇಲೆ ಮನೆಮಂದೀನೆಲ್ಲ ನಿಮ್ಮ ಜಾತಿಗೆ ಎಳ್ಕೊಂತೀರಿ. ನಾಳೆಯಿಂದ ಇಲ್ಲಿ ಕಾಲಿಡಬ್ಯಾಡ್ರಿ."

ಅಜ್ಜಪ್ಪ ಎಲ್ಲವನ್ನೂ ಆರಿಸಿ ಕಟ್ಟೆಯ ಮೇಲಿಟ್ಟ. "ನೀನೇ ತೊಳಿಯಪ್ಪ ಹಂಗಾದ್ರೆ. ದಿನ ಬಿಟ್ಟು ದಿನ ತೊಳೀಬೇಕು" ಎಂದು ಹೇಳಿ ಹೊರಟುಬಂದ.

ಅದಾದ ಎರಡನೇ ಭಾನುವಾರ, ಪ್ರಸಂಗದ ನಡುವೆ, ಮಂದಿರದ ಬಾಗಿಲಲ್ಲಿ ನಾಗಾರ್ಜುನ ಬಂದು ನಿಂತ. ಚಪ್ಪಲಿ ಬಿಟ್ಟಿದ್ದ, ಒಳಗೆ ಬರಲಿಲ್ಲ. ಅಜ್ಜಪ್ಪ ಪುಸ್ತಕ ಮುಚ್ಚಿ ಕೆಳಗಿಳಿದು, ಅವನ ಮಾತು ಕೇಳಿ, ಚೀಲ ಎತ್ತಿಕೊಂಡ. ಸಭೆಯ ಹಿರಿಯ ಕಲ್ಲೇಶಪ್ಪನಿಗೆ ಸಿಟ್ಟು ಬಂತು.

"ಮುಗಿಸಿ ಹೋಗಬೋದಲ್ಲ ಪಾಸ್ಟರೇ. ನಿಮ್ಮನ್ನ ಹೊರಗೆ ಹಾಕಿದೋರು ಅವರು."

"ಹುಳ ಬಿದ್ದಾವಂತೆ ಕಲ್ಲೇಶಪ್ಪ."

ಗಾಯಕ್ಕೆ ಟರ್ಪೆಂಟೈನ್ ಬಿಟ್ಟು ಚಿಮಟದಿಂದ ಹುಳು ತೆಗೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ನಾಗಾರ್ಜುನ ಟಾರ್ಚ್ ಹಿಡಿದಿದ್ದ. ಎರಡು ಸಲ ಹೊರಗೆ ಹೋಗಿ ವಾಂತಿ ಮಾಡಿ ಬಂದ. ಮಾತು ಹೋಗಿದ್ದ ಚೌಡೇಶ್ ನೋವಿಗೆ ಅಜ್ಜಪ್ಪನ ಮಣಿಕಟ್ಟು ಹಿಡಿದಿದ್ದ. ಬಿಟ್ಟಾಗ ಉಗುರಿನ ಗುರುತು ಉಳಿದಿತ್ತು.

ಕೈ ತೊಳೆಯುವಾಗ ನಾಗಾರ್ಜುನ ಕೇಳಿದ: "ಯಾಕ್ ಬರ್ತೀರಿ? ನಿಜ ಹೇಳ್ರಿ."

ಅಜ್ಜಪ್ಪನಿಗೆ ಹೇಳಲು ಬೈಬಲ್ಲಿನ ವಚನಗಳು ಬೇಕಾದಷ್ಟಿದ್ದವು. ಅವನ್ನೆಲ್ಲ ಬಿಟ್ಟು, "ನೀನು ಕರ್ದೆ, ಬಂದೆ" ಎಂದ.

ಗುರುವಾರ ಅವನು ಹೋದಾಗ ಮನೆಯ ಮುಂದೆ ಜನ ಸೇರಿದ್ದರು. ಬೆಳಗಿನ ಜಾವ ಚೌಡೇಶನ ಪ್ರಾಣ ಹೋಗಿತ್ತು. ಹೆಣ ತೊಳೆಯುವ ಹೊತ್ತು. ಹೊರಗಿನವರು ಒಳಗೆ ಬರಬಾರದು ಎಂದು ಹಿರಿಯರೊಬ್ಬರು ಅಜ್ಜಪ್ಪನನ್ನು ತಡೆದರು. ಅಲ್ಲೇ ನಿಂತಿದ್ದ ನಾಗಾರ್ಜುನ ನೆಲ ನೋಡುತ್ತಿದ್ದ.

ಅಜ್ಜಪ್ಪ ಹಿತ್ತಲ ಗೋಡೆಯ ಬಳಿ ಹೋಗಿ ನಿಂತ. ಸ್ವಲ್ಪ ಹೊತ್ತಿಗೆ ಚೌಡೇಶನ ತಾಯಿ ಪೆದ್ದಮ್ಮ ಗೋಡೆಯಾಚೆ ಕಾಣಿಸಿದಳು.

"ಅಯ್ಯಾ, ಗಾಯ ಇನ್ನೂ ಸೋರ್ತೈತೆ. ಮುಟ್ಟಾಕೆ ಯಾರೂ ಮುಂದೆ ಬರವಲ್ರು. ಹೆಂಗ್ ಕಟ್ಟಬೇಕು ಹೇಳು, ನಾನೇ ಕಟ್ತೀನಿ."

ಅಜ್ಜಪ್ಪ ಚೀಲದಲ್ಲಿದ್ದುದನ್ನೆಲ್ಲ ಗೋಡೆಯ ಮೇಲಿಂದ ಕೊಟ್ಟ. "ಮೊದಲು ಹತ್ತಿ ಒಳಗೆ ತುಂಬವ್ವ. ಹೆದರಬ್ಯಾಡ, ಅವನಿಗೆ ಇನ್ನು ನೋಯಲ್ಲ. ಆಮೇಲೆ ಬಟ್ಟೆ ಗದ್ದದ ಕೆಳಗಿಂದ ತಂದು ನೆತ್ತಿ ಮ್ಯಾಲೆ ಗಂಟು ಹಾಕು." ಮುದುಕಿ ಅದನ್ನೇ ಎರಡು ಸಲ ಬಾಯಲ್ಲಿ ಹೇಳಿಕೊಂಡು ಒಳಗೆ ಹೋದಳು. ಹೆಣ ಎತ್ತುವವರೆಗೂ ಅವನು ಅಲ್ಲೇ ನಿಂತಿದ್ದ. ವೀಣಾಳ ಅಳು ಕೇಳುತ್ತಿತ್ತು. ಅವಳು ಹೊರಗೆ ಬರಲಿಲ್ಲ.

ಆ ಭಾನುವಾರ ಮಂದಿರದಲ್ಲಿ ಜನ ಕಡಿಮೆ. ಪ್ರಸಂಗ ಅರ್ಧಕ್ಕೆ ಬಿಟ್ಟು ಹೋದ ಪಾಸ್ಟರ್ ಬೇಡವೆಂದು ಕೆಲವರು ಬೇರೆ ಸಭೆಗೆ ಹೋಗಿದ್ದರು. ಅಜ್ಜಪ್ಪ ಎದ್ದು ನಿಂತ, ಪುಸ್ತಕ ತೆರೆದು ಮತ್ತೆ ಮುಚ್ಚಿದ. ಕೊನೆಗೆ, "ನಿಮ್ಮ ಓಣೀಲಿ ಹಾಸಿಗೆ ಹಿಡಿದೋರು ಯಾರಿದ್ದಾರೆ, ಹೇಳ್ರಿ" ಎಂದ.

"ನಮ್ಮಕ್ಕ ಉಚ್ಚಂಗೆಮ್ಮ" ಎಂದ ಕಲ್ಲೇಶಪ್ಪ, ತಲೆ ಎತ್ತದೆ. "ಮೂರು ವರ್ಷ ಆತು. ಹಿಂದಿನ ಕೋಣೆಯಾಗೆ ಇಟ್ಟೀವಿ. ಬೆನ್ನೆಲ್ಲ ಹುಣ್ಣು. ನಾನು ಯಾರಿಗೂ ಹೇಳಿರಲಿಲ್ಲ."

ಮಧ್ಯಾಹ್ನ ಅಜ್ಜಪ್ಪನ ಹೆಂಡತಿ ನಾಗರತ್ನ ಆಕೆಯ ಬೆನ್ನು ತೊಳೆದಳು. ಕಲ್ಲೇಶಪ್ಪ ಬಿಸಿನೀರು ಹಿಡಿದು ನಿಂತ. ತಮ್ಮನನ್ನು ತೋರಿಸಿ, ಇವನು ಯಾರು ಎಂದು ಅಕ್ಕ ಪದೇ ಪದೇ ಕೇಳುತ್ತಿದ್ದಳು.