ಯಜಮಾನನ ಕೂದಲು

"ಬೈಬೇಡ, ಮೊದ್ಲು ಕೂತ್ಕೋ. ದೊಡ್ಡಪ್ಪ ನಮ್ಮ ವಂಶದವ್ರೇ ಅಲ್ವಂತೆ," ಎಂದಳು ರೇಡಿಯೋ, ವರ್ಕ್‌ಶಾಪಿನ ಹೊಸ್ತಿಲು ದಾಟುವ ಮೊದಲೇ.

ಬೆಂಚಿನ ಮೇಲೆ ಬಗ್ಗಿ ಔಷಧಿ ಅಂಗಡಿಯವರ ಪುಟ್ಟ ತಕ್ಕಡಿಯ ತಟ್ಟೆ ಉಜ್ಜುತ್ತಿದ್ದ ಗುಲಗಂಜಿ ತಲೆ ಎತ್ತಲಿಲ್ಲ. ರೇಡಿಯೋ ಅವಳ ಚಿಕ್ಕಪ್ಪನ ಮಗಳು. ಕಾಲೇಜಿಗೆ ಹೋಗುತ್ತಾಳೆ, ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ, ಅದೂ ಅನುಮಾನ. ದಿನಕ್ಕೊಂದು ಸುದ್ದಿ ತರುತ್ತಾಳೆ. ಅದರಲ್ಲಿ ಅರ್ಧಕ್ಕರ್ಧ ದಾರಿಯಲ್ಲೇ ಹುಟ್ಟಿದ್ದಿರುತ್ತದೆ.

"ಯಾವ ದೊಡ್ಡಪ್ಪ?"

"ನಂಗೆಷ್ಟು ಜನ ದೊಡ್ಡಪ್ಪಂದಿರು? ನಿಮ್ಮಪ್ಪ ಕಣೇ. ರಿಪೋರ್ಟ್ ಬಂದಿದೆ."

ಆಗ ಗುಲಗಂಜಿಯ ಕೈ ನಿಂತಿತು.

ಅವರ ಮನೆತನದ ಹೆಸರು ತಕ್ಕಡಿ. ಅಜ್ಜ, ಮುತ್ತಜ್ಜ, ಮುತ್ತಜ್ಜನ ಅಪ್ಪ, ಎಲ್ಲರೂ ತಕ್ಕಡಿ ಮಾಡಿ, ರಿಪೇರಿ ಮಾಡಿ ಉಂಡವರು. ಹೆಸರು ಎಲ್ಲಿಂದ ಬಂತೆಂದು ಕೇಳಿದರೆ ಅಪ್ಪ ಎದೆಯುಬ್ಬಿಸಿ, ಮೂಲಪುರುಷನೊಬ್ಬ ಅರಮನೆಯ ಖಜಾನೆಯಲ್ಲಿ ಚಿನ್ನ ತೂಗುತ್ತಿದ್ದ ಕಥೆ ಶುರು ಮಾಡುತ್ತಿದ್ದ. ಅದೇ ಪುರುಷ ತಟ್ಟೆಯ ಕೆಳಗೆ ಮೇಣ ಮೆತ್ತಿ ಸಿಕ್ಕಿಬಿದ್ದ, ಜನ ಆಡಿಕೊಂಡ ಹೆಸರೇ ಕೊನೆಗೆ ಅಂಟಿಕೊಂಡಿತು ಎಂದು ಚಿಕ್ಕಪ್ಪ ಪಕ್ಕದಿಂದ ಸೇರಿಸುತ್ತಿದ್ದ. ಎರಡಕ್ಕೂ ಸಾಕ್ಷಿ ಇಲ್ಲ. ಈ ವರ್ಷ ಕಾಲೇಜಿನ ಪ್ರಾಜೆಕ್ಟಿಗೆ ರೇಡಿಯೋ ಇದನ್ನೇ ಹಿಡಿದುಕೊಂಡಳು. ಆ ಹೆಸರಿನವರು ಎಲ್ಲೆಲ್ಲಿದ್ದಾರೆಂದು ಹುಡುಕಿದಳು. ಪಕ್ಕದ ಊರಲ್ಲಿ ಬೇಕರಿ ಇಟ್ಟವರು ತಕ್ಕಡಿ, ಬಂದರಿನಲ್ಲಿ ಕ್ರೇನ್ ಓಡಿಸುವವನು ತಕ್ಕಡಿ, ಒಬ್ಬ ಹಲ್ಲಿನ ಡಾಕ್ಟರೂ ತಕ್ಕಡಿ. ತನ್ನ ಅಪ್ಪನೂ ಸೇರಿದಂತೆ ಎಲ್ಲರ ಕೆನ್ನೆಯೊಳಗೂ ಹತ್ತಿಯ ಕಡ್ಡಿ ಆಡಿಸಿ ತಂದು, ಬಯಾಲಜಿ ಮೇಡಮ್ಮಿಗೆ ಗೊತ್ತಿದ್ದ ಲ್ಯಾಬಿಗೆ ಕಳಿಸಿದಳು.

ಬಂದ ಫಲಿತಾಂಶ ವಂಶದ ಕಥೆಗಳನ್ನೆಲ್ಲ ಚಿಂದಿ ಮಾಡಿತ್ತು. ಬೇಕರಿಯವರಿಗೂ ಡಾಕ್ಟರಿಗೂ ಇವರಿಗೂ ರಕ್ತಸಂಬಂಧವೇ ಇರಲಿಲ್ಲ. ಸಂತೆಯಲ್ಲಿ ತಕ್ಕಡಿ ಹಿಡಿದು ಕೂತವನನ್ನೆಲ್ಲ ಜನ ಅದೇ ಹೆಸರಿಂದ ಕರೆದಿರಬೇಕು ಎಂದು ಮೇಡಂ ಅಂದಿದ್ದರಂತೆ. ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು.

"ನಿಮ್ಮಪ್ಪಂದು ನಮ್ಮಪ್ಪಂಗೂ ಹೊಂದಲ್ಲ. ಅಣ್ಣತಮ್ಮ ಹಾಗಿರ್ಲಿ, ದೂರದ ನೆಂಟರೂ ಅಲ್ವಂತೆ," ಎಂದು ರೇಡಿಯೋ ಫೋನನ್ನು ಮೂಗಿಗೇ ಹಿಡಿದಳು.

"ಅಪ್ಪ ಕಡ್ಡಿ ಮುಟ್ಟೋಕೇ ಬಿಡ್ಲಿಲ್ವಲ್ಲ. ನನ್ನೇನು ಹಸು ಅನ್ಕೊಂಡಿದ್ದೀಯಾ, ಬಾಯಿಗೆ ಕಡ್ಡಿ ಹಾಕೋಕೆ ಅಂತ ಓಡಿಸಿದ್ರು. ನಿಂಗೆಲ್ಲಿ ಸಿಕ್ತು?"

"ಅಲ್ಲಿ," ಎಂದು ರೇಡಿಯೋ ಬೆಂಚಿನ ಮೂಲೆಯ ಹಿತ್ತಾಳೆ ಡಬ್ಬಿಯ ಕಡೆ ಗದ್ದ ಎತ್ತಿ ತೋರಿಸಿದಳು. "ಬೇರಿನ ಸಮೇತ ಕಿತ್ತ ಕೂದ್ಲು ಆದ್ರೂ ನಡೆಯುತ್ತೆ ಅಂದ್ರು ಮೇಡಂ. ಇದ್ದದ್ದಷ್ಟನ್ನೂ ಬಾಚ್ಕೊಂಡ್ ಹೋದೆ."

ಆ ಡಬ್ಬಿಗೂ ಒಂದು ಕಥೆಯಿದೆ. ನಾಜೂಕಾದ ತಕ್ಕಡಿ ರಿಪೇರಿಯಾದ ಮೇಲೆ ಮನೆಯ ಯಜಮಾನ ತನ್ನ ತಲೆಯ ಒಂದು ಕೂದಲನ್ನು ತಟ್ಟೆಯ ಮೇಲಿಡಬೇಕು. ಅಷ್ಟಕ್ಕೇ ತಕ್ಕಡಿಯ ಅಡ್ಡಕೋಲು, ಅಂದರೆ ದಂಡಿಗೆ, ವಾಲಿದರೆ ಅದಕ್ಕೆ ಕಟ್ಟಿದ ಸೀಸದ ಬಿಲ್ಲೆಗೆ ಮನೆತನದ ಮುದ್ರೆ ಒತ್ತಿ ಕೊಡುವುದು. ಇಲ್ಲದಿದ್ದರೆ ಮತ್ತೆ ಬಿಚ್ಚುವುದು. ಕೂದಲು ಯಜಮಾನನದೇ ಆಗಬೇಕು, ಯಜಮಾನ ಮನೆತನದ ರಕ್ತದವನೇ ಆಗಬೇಕು. ಆದರೆ ಗುಲಗಂಜಿ ಶಾಲೆಗೆ ಹೋಗುತ್ತಿದ್ದಾಗ ಬಂದ ಒಂದು ಕೆಟ್ಟ ಜ್ವರ ಅಪ್ಪನ ತಲೆಯನ್ನು ಬೋಳಿಸಿಟ್ಟು ಹೋಗಿತ್ತು. ಅಂದಿನಿಂದ ಅವನು ಮಗಳನ್ನು ಬಿಟ್ಟರೆ ಯಾರ ಮುಂದೆಯೂ, ತಮ್ಮನ ಮುಂದೆಯೂ, ಟೋಪಿ ತೆಗೆದವನಲ್ಲ. ಗಿರಾಕಿಗಳ ಮುಂದೆ ಡಬ್ಬಿ ತೆರೆದು, ಬೆಳಿಗ್ಗೆಯೇ ಕಿತ್ತಿಟ್ಟಿದ್ದೇನೆ ಎನ್ನುತ್ತಿದ್ದ. ಅಣ್ಣ ಕದ್ದು ಬಣ್ಣ ಹಚ್ಚುತ್ತಾನೆ, ಇಲ್ಲದಿದ್ದರೆ ಈ ವಯಸ್ಸಲ್ಲಿ ಇಷ್ಟು ಕಪ್ಪು ಎಲ್ಲಿಂದ ಬರಬೇಕು ಎಂದು ಚಿಕ್ಕಪ್ಪ ಛೇಡಿಸುತ್ತಿದ್ದ.

ಗುಲಗಂಜಿಗೆ ನಗು ಉಕ್ಕಿ ಬಂತು. ಆ ಕೂದಲು ಅವಳದು. ಇಷ್ಟು ವರ್ಷವೂ ಅವಳದೇ. ಎರಡು ಜಡೆ ಹಾಕುತ್ತಿದ್ದ ಕಾಲದಿಂದ ಕಿವಿಯ ಹಿಂದಿನಿಂದ ಕಿತ್ತು, ಬೆರಳುದ್ದಕ್ಕೆ ಕತ್ತರಿಸಿ, ಗುಟ್ಟಾಗಿ ಅಪ್ಪನ ಡಬ್ಬಿ ತುಂಬಿಸಿದವಳು ಅವಳೇ. ಅಯ್ಯೋ ಪೆದ್ದೀ, ನೀನು ಪರೀಕ್ಷೆ ಮಾಡಿಸಿದ್ದು ನನ್ನ ಕೂದಲನ್ನ, ಅನ್ನಲು ಬಾಯಿ ತೆರೆದಳು.

ತೆರೆದ ಬಾಯಿ ಹಾಗೇ ಉಳಿಯಿತು. ಕೂದಲು ತನ್ನದಾದರೆ, ಚಿಕ್ಕಪ್ಪನ ರಕ್ತಕ್ಕೆ ಹೊಂದದೇ ಇರುವುದೂ ತನ್ನ ರಕ್ತವೇ.

"ಒಂದು ಕಾಮಿಡಿ ನೋಡು," ರೇಡಿಯೋ ಇನ್ನೂ ಫೋನಿನ ಪರದೆ ಉಜ್ಜುತ್ತಿದ್ದಳು. "ದೊಡ್ಡಪ್ಪನ ಹೆಸರಿನ ಮುಂದೆ ಹೆಣ್ಣು ಅಂತ ಹಾಕಿದ್ದಾರೆ. ಟೈಪ್ ಮಾಡೋರು ತೂಕಡಿಸ್ತಿದ್ರು ಅನ್ಸುತ್ತೆ."

"ಇದನ್ನ ಯಾರ್ ಯಾರಿಗೆ ಹೇಳ್ದೆ?"

"ಅಪ್ಪಂಗೆ," ಎಂದಳು ರೇಡಿಯೋ, ಮೊದಲ ಸಲ ಸ್ವಲ್ಪ ಮೆತ್ತಗೆ. "ಬರ್ತಾ ಇದ್ದಾರೆ."

ಚಿಕ್ಕಪ್ಪ ಬಂದವನು ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತ. ಬೀದಿಯ ಕಡೆಯ ಅಂಗಡಿ ಅವನದು. ಬಟನ್ ಒತ್ತಿದರೆ ಅಂಕಿ ತೋರಿಸುವ ಹೊಸ ಯಂತ್ರಗಳನ್ನು ಮಾರುತ್ತಾನೆ. ಮುದ್ರೆ ಅಣ್ಣನ ಕೈಯಲ್ಲಿದೆಯೆಂಬ ಹೊಟ್ಟೆಯುರಿ ಇತ್ತಾದರೂ ಕೆಟ್ಟವನಲ್ಲ. ಮುಂದಿನ ತಿಂಗಳಿಂದ ಮುದ್ರೆ ಗುಲಗಂಜಿಗೆ ಎಂದು ಅಪ್ಪ ಹೇಳಿದಾಗ, ಹೆಣ್ಣಾದರೇನು, ನಮ್ಮ ರಕ್ತ ತಾನೆ, ನನ್ನ ಮಗಳ ಕೈಗೆ ಕೊಟ್ಟರೆ ಅದನ್ನೂ ಕಳೆದುಕೊಂಡು ಬರುತ್ತಾಳೆ ಎಂದು ಒಪ್ಪಿದ್ದವನೂ ಅವನೇ.

ಒಳಕೋಣೆಯಲ್ಲಿ ಬೆಸುಗೆ ಹಾಕುತ್ತಿದ್ದ ಅಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ರೇಡಿಯೋ ಮತ್ತೆ ಮೊದಲಿಂದ ಎಲ್ಲವನ್ನೂ ಹೇಳಿದಳು. ಡಬ್ಬಿಯ ಮಾತು ಬಂದಾಗ ಅಪ್ಪ ಗುಲಗಂಜಿಯನ್ನು ನೋಡಲಿಲ್ಲ. ನೋಡದೇ ಇರಲು ಅವನು ಪಟ್ಟ ಪಾಡಿನಲ್ಲೇ ಅವಳಿಗೆ ಉತ್ತರ ಸಿಕ್ಕಿತು. ಅವನಿಗೆ ಗೊತ್ತು. ಕೂದಲು ಯಾರದೆಂದೂ ಗೊತ್ತು, ಯಾಕೆ ಹೊಂದಲಿಲ್ಲವೆಂದೂ ಗೊತ್ತು.

ಅಪ್ಪ ಸೊಂಟದ ದಾರದಿಂದ ಮುದ್ರೆ ಬಿಚ್ಚಿ ಬೆಂಚಿನ ಮೇಲಿಟ್ಟ.

"ತಗೋ. ಮಿಷನ್ನು ಹೇಳಿದ್ಮೇಲೆ ಇನ್ನೇನಿದೆ."

ಚಿಕ್ಕಪ್ಪ ಅದನ್ನು ಮುಟ್ಟಲಿಲ್ಲ. ಬರುವಾಗಿದ್ದ ಸಿಟ್ಟು ಈಗ ಇರಲಿಲ್ಲ.

"ಮುದ್ರೆ ಮನೆ ಹಾಳಾಗ್ಲಿ ಅಣ್ಣಾ. ನೀನು ನಮ್ಮಪ್ಪನ ಮಗ ಅಲ್ಲ ಅಂದ್ರೆ, ಅಮ್ಮನ್ನ ನಾನು ಏನಂತ ತಿಳ್ಕೊಳ್ಲಿ?"

ಅಜ್ಜಿ ಮಹಡಿಯ ಕೋಣೆಯಲ್ಲಿದ್ದಳು. ಮೊಣಕಾಲು ಹಿಡಿದಿದ್ದರೂ ಕಿವಿ ಚುರುಕು. ಕೆಳಗೆ ಸುತ್ತಿಗೆ ನಿಂತರೆ ಊಟದ ಹೊತ್ತಾಯಿತೆಂದು ಮೇಲಿನಿಂದಲೇ ಕೂಗುತ್ತಾಳೆ. ಅವಳನ್ನು ಕೇಳದೆ ತನಗೆ ನಿದ್ದೆ ಬರುವುದಿಲ್ಲ, ಇವತ್ತು ಕೇಳುವ ಧೈರ್ಯವೂ ಇಲ್ಲ ಎಂದ ಚಿಕ್ಕಪ್ಪ. ನಾಳೆ ಹತ್ತು ಗಂಟೆಗೆ ಬಂದು ಕೇಳುತ್ತಾನಂತೆ.

"ಅಮ್ಮನ್ನ ಕೇಳ್ಬೇಡ," ಎಂದ ಅಪ್ಪ. ದನಿ ಇಲ್ಲದಂಥ ದನಿ. "ಮುದ್ರೆ ತಗೊಂಡ್ ಹೋಗು, ಅಂಗಡಿ ತಗೋ. ಅಮ್ಮನ್ನ ಮಾತ್ರ ಕೇಳ್ಬೇಡ."

ಅದೇ ತಪ್ಪಾಯಿತು. ಅಣ್ಣನಿಗೆ ಏನೋ ಗೊತ್ತಿದೆ, ಅದಕ್ಕೇ ಬೇಡುತ್ತಿದ್ದಾನೆ ಎಂದು ಚಿಕ್ಕಪ್ಪನ ಮುಖ ಕಲ್ಲಾಯಿತು. ಎದ್ದು ಮಗಳ ತೋಳು ಹಿಡಿದು ಹೊರಟೇಹೋದ.

ವರ್ಕ್‌ಶಾಪಿನಲ್ಲಿ ತಂದೆ ಮಗಳು ಇಬ್ಬರೇ ಉಳಿದರು. ಬಿಸಿ ಸೀಸದ ವಾಸನೆ, ಗೋಡೆಯ ಮೊಳೆಗಳಿಂದ ನೇತಾಡುವ ಖಾಲಿ ತಟ್ಟೆಗಳು. ಗುಲಗಂಜಿ ಉಜ್ಜುವ ಬಟ್ಟೆಯನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು.

"ಎಲ್ಲಿಂದ ತಂದ್ರಿ ನನ್ನ?"

ಅಪ್ಪ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಬೋಳುತಲೆ ಬೆವರಿತ್ತು. ಮದುವೆಯಾದ ಹೊಸತರಲ್ಲಿ ಅವರಿಬ್ಬರೂ ಬೇರೆ ಊರಲ್ಲಿ ಕೆಲಸಕ್ಕಿದ್ದದ್ದು, ಅಲ್ಲಿ ಅಮ್ಮನಿಗೆ ಹೆರಿಗೆಯಾದದ್ದು, ಮಗು ಉಳಿಯದೇ ಹೋದದ್ದು, ಒಂದೊಂದಾಗಿ ಹೇಳಿದ. ಅವನು ಆಸ್ಪತ್ರೆಯ ವರಾಂಡದಲ್ಲಿ ಸುಮ್ಮನೆ ಕೂತಿದ್ದನಂತೆ. ತಕ್ಕಡಿಯವನೆಂದು ತಿಳಿದ ನರ್ಸೊಬ್ಬಳು ಮಕ್ಕಳನ್ನು ತೂಗುವ ಯಂತ್ರ ಕೆಟ್ಟಿದೆ, ನೋಡುತ್ತೀರಾ ಎಂದಳಂತೆ. ಅಂಥ ಹೊತ್ತಲ್ಲಿ ಯಾರಾದರೂ ಕೇಳುತ್ತಾರಾ? ಆದರೆ ಕೈಗೊಂದು ಕೆಲಸ ಸಿಕ್ಕಿತೆಂದು ಕೂತು ಮಾಡಿದನಂತೆ.

"ಸರಿಯಾಯ್ತಾ ನೋಡೋಕೆ ಪಕ್ಕದ ಹಾಸಿಗೆ ಮಗೂನ ತಂದು ಅದರ ಮೇಲೆ ಮಲಗಿಸಿದ್ರು. ಅದರ ತಾಯಿ ಹಿಂದಿನ ದಿನ ತೀರಿಹೋಗಿದ್ಲು, ಕೇಳೋರು ಯಾರೂ ಇರ್ಲಿಲ್ಲ. ಗುಲಗಂಜಿಯಷ್ಟೇ ತೂಕ." ಅವನು ಮೂಗೊರೆಸಿಕೊಂಡ. "ನಿನ್ನ ಇಳಿಸೋಕೆ ನಂಗೆ ಮನಸ್ಸಾಗ್ಲಿಲ್ಲ. ನಿಮ್ಮಮ್ಮನೂ ಹೂಂ ಅಂದ್ಲು. ಊರಿಗೆ ಬಂದಾಗ ಎಲ್ರೂ ನಮ್ಮದೇ ಅಂದ್ಕೊಂಡ್ರು, ನಾವೂ ಅಲ್ಲ ಅನ್ಲಿಲ್ಲ."

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಆದರೆ ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ಅಮ್ಮನ ಮೇಲೆ ಹಾಕೋಣವೆಂದರೆ ಅಮ್ಮ ಬದುಕಿಲ್ಲ. ಎದುರಿಗೆ ಕೂತವನು ಅವಳ ಗುಟ್ಟು ಉಳಿಸಲು ತನ್ನ ಹೆತ್ತ ತಾಯಿಯ ಮಾನವನ್ನೇ ಪಣಕ್ಕಿಟ್ಟು, ಈಗ ಎರಡನ್ನೂ ಹಿಡಿದುಕೊಳ್ಳಲಾಗದೆ ಟೋಪಿಯ ಅಂಚನ್ನು ಸುತ್ತುತ್ತಿದ್ದ.

"ನಾಳೆ ಹೇಗೋ ಚಿಕ್ಕಪ್ಪಂಗೆ ಸಮಾಧಾನ ಮಾಡ್ತೀನಿ. ನೀನು ಬಾಯಿ ಬಿಡ್ಬೇಡ," ಎಂದ ಅಪ್ಪ. "ಬಿಟ್ರೆ ಮುದ್ರೆ ನಿಂಗೆ ಸಿಗಲ್ಲ."

"ಬಿಡದಿದ್ರೆ ಅಜ್ಜಿ ಎದುರು ಕೂತ್ಕೊಂಡು ಅವ್ರು ಅದನ್ನ ಕೇಳ್ತಾರೆ. ಕೇಳಿಸ್ಕೊಂಡು ಮುದ್ರೆ ಒತ್ಲಾ ನಾನು?"

ಮಹಡಿಯಿಂದ ಅಜ್ಜಿಯ ದನಿ ಬಂತು. ಸುತ್ತಿಗೆ ನಿಂತು ಎಷ್ಟೊತ್ತಾಯಿತು, ಎಲ್ಲರೂ ಎಲ್ಲಿ ಸತ್ತಿರಿ ಎಂದು ಕೇಳುತ್ತಿದ್ದಳು. ಬಂದೆ ಅಜ್ಜಿ ಎಂದಳು ಗುಲಗಂಜಿ. ಆ ಎರಡು ಮಾತು ಇಷ್ಟು ಭಾರವಾಗಿ ಎಂದೂ ಬಾಯಿಂದ ಬಂದಿರಲಿಲ್ಲ.

ಔಷಧಿ ಅಂಗಡಿಯವರ ತಕ್ಕಡಿ ಸಂಜೆಗೆ ಬೇಕಿತ್ತು. ಅವಳು ತಟ್ಟೆಗಳನ್ನು ಸರಪಳಿಗೆ ಸಿಕ್ಕಿಸಿ ದಂಡಿಗೆ ನಿಲ್ಲುವವರೆಗೆ ಕಾದಳು. ಡಬ್ಬಿ ತೆರೆದರೆ ಖಾಲಿ. ಕಿವಿಯ ಹಿಂದೆ ಕೈ ಹಾಕಿ ಒಂದು ಕೂದಲು ಕಿತ್ತು, ಕತ್ತರಿಸದೆ, ಉದ್ದಕ್ಕೇ ಸುರುಳಿ ಸುತ್ತಿ ತಟ್ಟೆಯ ಮೇಲಿಟ್ಟಳು. ದಂಡಿಗೆ ಮೆಲ್ಲಗೆ ವಾಲಿತು. ಅಪ್ಪ ನೋಡಿದ. ಮುದ್ರೆಯ ಕಡೆಗೆ ಇಬ್ಬರ ಕೈಯೂ ಹೋಗಲಿಲ್ಲ. ನಾಳೆ ಒತ್ತಿಕೊಡುತ್ತೇವೆಂದು ಔಷಧಿ ಅಂಗಡಿಯವರಿಗೆ ಹೇಳಿದರಾಯಿತು ಎಂದ ಅವನು. ಒತ್ತುವವರು ಯಾರೆಂದು ಹೇಳಲಿಲ್ಲ.

ಅವಳು ರೇಡಿಯೋಗೆ ಫೋನ್ ಮಾಡಿದಳು.

"ಚಿಕ್ಕಪ್ಪಂಗೆ ಹೇಳು. ನಾಳೆ ಹತ್ತಕ್ಕೆ ಮೇಲೆ ಹೋಗೋದು ಬೇಡ, ಇಲ್ಲೇ ವರ್ಕ್‌ಶಾಪಿಗೆ ಬರ್ಲಿ. ನಿಮ್ಮ ಮೇಡಮ್ಮನ್ನೂ ಕರ್ಕೊಂಡ್ ಬಾ."

"ಮೇಡಂ ಯಾಕೆ?"

"ಟೈಪ್ ಮಾಡಿದೋರು ತೂಕಡಿಸಿರ್ಲಿಲ್ಲ ಕಣೇ. ಆ ಕೂದ್ಲು ಯಾರ್ದು ಅಂತ ಅವ್ರ ಎದುರೇ ನಾನು ಹೇಳ್ಬೇಕು."

ರೇಡಿಯೋ ಸುಮ್ಮನಿರುವುದನ್ನು ಗುಲಗಂಜಿ ಕೇಳಿದ್ದು ಅದೇ ಮೊದಲು.

"ಹತ್ತಕ್ಕೆ ಬರ್ತೀವಿ," ಎಂದಳು ಕೊನೆಗೆ. "ಅಕ್ಕಾ, ನಾನು ಸ್ವಲ್ಪ ಮುಂಚೆನೇ ಬರ್ಲಾ?"

"ಬಾ," ಎಂದಳು ಗುಲಗಂಜಿ.